ಬಿಟ್ಟಿಯಿಂದ ಭತ್ಯೆಗೆ

ಚಿತ್ತಾಪುರ ತಾಲ್ಲೂಕಿನ ಗುಂಡಗುರ್ತಿಯಂಥ ಒಂದು ಊರನ್ನು ಕಣ್ಣ ಮುಂದೆ ತಂದುಕೊಳ್ಳಿ. ಸುತ್ತಲೂ ಕರಿಮಣ್ಣಿನ ಹೊಲ. ತೊಗರಿ, ಜೋಳದ ಬೆಳೆ. ಅಷ್ಟು ದೂರದಲ್ಲಿ ಶಹಾಬಾದು, ವಾಡಿಗಳ ಕಲ್ಲಿನ ಗಣಿ. ಆ ಊರಿನ ಪಂಚಾಯಿತಿಗೆ ಕೂಲಿ ಮಾಡಿ ಬದುಕುವ ಹೆಣ್ಣುಮಗಳೊಬ್ಬಳು ಆಯ್ಕೆಯಾಗಿದ್ದಾಳೆಂದು ಇಟ್ಟುಕೊಳ್ಳೋಣ. ತೊಗರಿ ಕಟಾವಿನ ದಿನಗಳಲ್ಲಿಯೇ ಅವಳಿಗೆ ತಾಲ್ಲೂಕಿನಿಂದ ಒಂದು ಕಾಗದ ಬರುತ್ತದೆ: ಇಂಥ ದಿನ ತರಬೇತಿಗೆ ಹಾಜರಾಗತಕ್ಕದ್ದು. ಹೋದರೆ ಆ ದಿನದ ಕೂಲಿ ಹೋಯಿತು. ಬಸ್ಸಿನ ಖರ್ಚು ಬೇರೆ. ಹೋಗದಿದ್ದರೆ ಪಂಚಾಯಿತಿಯ ಲೆಕ್ಕಪತ್ರ ಓದುವುದನ್ನು ಅವಳು ಕಲಿಯುವುದು ಯಾವಾಗ?

ಅದೇ ತರಬೇತಿಗೆ ಸಂಬಳದ ನೌಕರನೊಬ್ಬನೂ ಬಂದಿರುತ್ತಾನೆ. ಅವನ ಸಂಬಳ ಮನೆಯಲ್ಲಿ ಮಲಗಿದ್ದರೂ ಓಡುವಂಥದು. ಬಂದದ್ದು ಕಚೇರಿಯ ವಾಹನದಲ್ಲಿ, ಉಂಡದ್ದು ತರಬೇತಿಯವರು ಹಾಕಿದ ಊಟ. ಮರಳಿ ಹೋದ ಮೇಲೆ ಬಸ್ಸಿನ ಬಾಡಿಗೆಗೆ ಒಂದು, ಊಟಕ್ಕೆ ಇನ್ನೊಂದು ಎಂದು ಅವನು ಬಿಲ್ಲು ಬರೆದನೆನ್ನಿ. ಆಗ ಒಂದೇ ಚಾವಡಿಯಲ್ಲಿ, ಒಂದೇ ಚಾಪೆಯ ಮೇಲೆ ಕುಳಿತ ಇಬ್ಬರಲ್ಲಿ ಒಬ್ಬಳು ಕಲಿಯಲು ಬಂದು ಕಳೆದುಕೊಂಡಳು. ಇನ್ನೊಬ್ಬನು ಕಲಿಯಲು ಬಂದು ಗಳಿಸಿಕೊಂಡನು.

ತರಬೇತಿಗೆ ಹೋದವರ ವೇತನ, ಖರ್ಚುಗಳ ಬಗ್ಗೆ ಸರ್ಕಾರಗಳು ಮಾಡಿರುವ ನಿಯಮಗಳೆಲ್ಲ ಹುಟ್ಟಿದ್ದು ಈ ಎರಡು ಅನ್ಯಾಯಗಳನ್ನು ತಪ್ಪಿಸುವುದಕ್ಕಾಗಿ. ಕೇಳುವುದಕ್ಕೆ ಒಣ ವಿಷಯ, ಗುಮಾಸ್ತರ ವಿಷಯ ಎನಿಸಬಹುದು. ಆದರೆ ಅದರ ಹಿಂದೆ ಎರಡು ಸಾವಿರ ವರ್ಷಕ್ಕೂ ಮಿಕ್ಕ ಕಥೆಯಿದೆ. ಅದರಲ್ಲಿ ನಮ್ಮ ನಾಡಿನ ಪಾಲೂ ಚಿಕ್ಕದಲ್ಲ.

ಬುತ್ತಿಯೇ ಸಂಬಳ

ಮೊದಲು ಮಾತುಗಳನ್ನೇ ನೋಡೋಣ. ನಾವು ದಿನವೂ ಬಳಸುವ 'ಸಂಬಳ' ಎಂಬ ಪದಕ್ಕೆ ಮೂಲದ ಅರ್ಥ ದಾರಿಯ ಬುತ್ತಿ. ಪ್ರಯಾಣ ಹೊರಟವನು ಕಟ್ಟಿಕೊಂಡ ತಿನಿಸು ಅದು. 'ಭತ್ಯೆ', 'ಭತ್ತೆ' ಎಂಬ ಮಾತಿನ ಕಥೆಯೂ ಅಂಥದೇ. ಕುಂಪಣಿಯ ಸಿಪಾಯಿಗಳ ಕಾಲದಲ್ಲಿ 'ಬಟ್ಟಾ' ಎಂದು ಪ್ರಸಿದ್ಧವಾಗಿದ್ದ ಈ ಪದಕ್ಕೆ ನಮ್ಮ 'ಭತ್ತ'ವೇ ಮೂಲವಿರಬೇಕೆಂದು ಹಳೆಯ ನಿಘಂಟುಕಾರರು ಊಹಿಸಿದ್ದಾರೆ. ಎಂದರೆ, ಮನೆ ಬಿಟ್ಟು ಹೋದವನು ಹಸಿದಿರಬಾರದೆಂದು ಕೊಟ್ಟ ಕಾಳು. ಲಾಭದ ಮಾತು ಈ ಎರಡು ಪದಗಳ ಬೇರಿನಲ್ಲಿಯೂ ಇಲ್ಲ. ಇರುವುದು ಹಸಿವಿನ ಮಾತು ಮಾತ್ರ.

ಕೌಟಿಲ್ಯನ ಅರ್ಥಶಾಸ್ತ್ರ ಈ ವಿಷಯದಲ್ಲಿ ಬಹು ಚೊಕ್ಕವಾದ ಗ್ರಂಥ. ಅದರ ಓಲೆಯ ಪ್ರತಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದದ್ದು ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ; 1909ರಲ್ಲಿ ಅವರೇ ಅದನ್ನು ಅಚ್ಚು ಹಾಕಿಸಿ ಲೋಕಕ್ಕೆ ಕೊಟ್ಟರು. ಅದರಲ್ಲಿ 'ಭಕ್ತವೇತನ' ಎಂಬ ಮಾತು ಬರುತ್ತದೆ. ಭಕ್ತವೆಂದರೆ ಅನ್ನ, ವೇತನವೆಂದರೆ ಕೂಲಿ. ಊಟ ಬೇರೆ, ಕೂಲಿ ಬೇರೆ ಎಂದು ಎರಡನ್ನೂ ಬಿಡಿಸಿ ಹೇಳಿದೆ. ಆ ಗ್ರಂಥದಲ್ಲಿ ಅರಮನೆಯ ಚಾಕರಿಯವರ ಸಂಬಳದ ಪಟ್ಟಿಯಿದೆ. ಮೇಲಿನವರಿಗೆ 48,000 ಪಣ, ತೀರ ಕೆಳಗಿನವರಿಗೆ 60 ಪಣ. ಅದರ ಜೊತೆಗೇ ದೂತನ ದಾರಿಖರ್ಚಿನ ದರವೂ ಇದೆ. ಮಧ್ಯಮ ದರ್ಜೆಯ ದೂತನಿಗೆ ಹತ್ತು ಯೋಜನದವರೆಗೆ ಯೋಜನಕ್ಕೆ ಹತ್ತು ಪಣ; ಅದಕ್ಕೂ ಮುಂದೆ ನೂರು ಯೋಜನದವರೆಗೆ ಅದರ ಇಮ್ಮಡಿ. ದೂರ ಹೋದಷ್ಟೂ ಕಷ್ಟ ಹೆಚ್ಚು, ಖರ್ಚೂ ಹೆಚ್ಚು ಎಂಬ ಲೆಕ್ಕ. ಇಂದಿನ ಪ್ರಯಾಣಭತ್ಯೆಯ ಪಟ್ಟಿಗೆ ಇದನ್ನು ಮುತ್ತಜ್ಜನೆನ್ನಬಹುದು.

ದರ ಕಟ್ಟಿದ ಕೌಟಿಲ್ಯನು ಮನುಷ್ಯಸ್ವಭಾವವನ್ನು ಮರೆಯಲಿಲ್ಲ. ಸರ್ಕಾರದ ಹಣವನ್ನು ಅಪಹರಿಸುವ ನಲವತ್ತು ಬಗೆಗಳನ್ನು ಎಣಿಸಿಟ್ಟನು. ಕೊಟ್ಟದ್ದು ಕೊಂಚವಾದರೂ ಬಹಳವೆಂದು ಬರೆಯುವುದು ಅವುಗಳಲ್ಲೊಂದು. ಈ ಒಂದು ಬಗೆಗೆ ಇಷ್ಟು ಶತಮಾನ ಕಳೆದರೂ ಮುಪ್ಪು ಬಂದಿಲ್ಲ.

ನಾಗಾವಿಯ ಕಲ್ಲು

ಚಿತ್ತಾಪುರದ ಮಗ್ಗುಲಲ್ಲೇ ನಾಗಾವಿ ಇದೆ. ಯಲ್ಲಮ್ಮನ ಗುಡಿಗೆಂದು ಜನ ಹೋಗುತ್ತಾರೆ. ಅರವತ್ತು ಕಂಬದ ಗುಡಿಯನ್ನೂ ನೋಡಿ ಬರುತ್ತಾರೆ. ಹನ್ನೊಂದನೆಯ ಶತಮಾನದಲ್ಲಿ ಇದು ದೊಡ್ಡ ವಿದ್ಯಾಸ್ಥಾನ. ಚಾಲುಕ್ಯರ ಮೊದಲನೆಯ ಸೋಮೇಶ್ವರನ ದಂಡನಾಯಕ ಮಧುಸೂದನನು ಇಲ್ಲಿ ಘಟಿಕಾಸ್ಥಾನವೊಂದನ್ನು ಕಟ್ಟಿಸಿದನು. 1058ರ ಶಾಸನ ಅದರ ವಿವರ ಹೇಳುತ್ತದೆ: ವೇದ, ಶಾಸ್ತ್ರಗಳನ್ನು ಓದುವ ನೂರಾರು ವಿದ್ಯಾರ್ಥಿಗಳು, ಅವರಿಗೆ ಉಪಾಧ್ಯಾಯರು, ಪುಸ್ತಕಗಳನ್ನು ಕಾಯುವುದಕ್ಕೆ ಆರು ಮಂದಿ ಸರಸ್ವತೀ ಭಂಡಾರಿಗರು. ಆರು ಜನ ಬೇಕಾಗಿದ್ದರೆಂದ ಮೇಲೆ ಆ ಪುಸ್ತಕ ಭಂಡಾರ ಎಷ್ಟು ದೊಡ್ಡದಿರಬೇಕು!

ನಮ್ಮ ಪ್ರಕೃತ ವಿಷಯಕ್ಕೆ ಬೇಕಾದದ್ದು ಇನ್ನೊಂದು ಸಂಗತಿ. ಕಲಿಸುವವರ, ಕಲಿಯುವವರ ಜೀವನಕ್ಕೆ ಏನು ದತ್ತಿ, ಯಾರ ಪಾಲಿಗೆ ಎಷ್ಟು ಭೂಮಿ ಎಂಬುದನ್ನು ಕಲ್ಲಿನಲ್ಲಿ ಕೆತ್ತಿ ನಿಲ್ಲಿಸಿದ್ದಾರೆ. ಬಾಗಿಲ ಹಿಂದೆ ಬೀಗ ಹಾಕಿ ಇಡುವ ಕಡತವಲ್ಲ ಅದು. ಗುಡಿಗೆ ಬಂದವರೆಲ್ಲರ ಕಣ್ಣಿಗೆ ಬೀಳುವ ಕಡತ. ಓದು ಬಾರದವನು ಬಲ್ಲವನಿಂದ ಓದಿಸಿ ಕೇಳಬಹುದಾಗಿತ್ತು. ಕಲಿಯುವವನು ಉಪವಾಸ ಬೀಳಬಾರದು, ಅವನಿಗೆಂದು ಇಟ್ಟದ್ದನ್ನು ಬೇರೆಯವನು ನುಂಗಬಾರದು ಎಂಬ ಎರಡು ಕಾಳಜಿಗಳೂ ಆ ಕಲ್ಲಿನಲ್ಲಿವೆ.

ಅದರ ಮುಂದಿನ ಶತಮಾನದಲ್ಲಿ ಇದೇ ನೀತಿಯನ್ನು ಅರಮನೆಯ ಹಂಗಿಲ್ಲದೆ ತಮ್ಮ ಬಾಳಿನಲ್ಲಿ ನಡೆಸಿ ತೋರಿದ ಶರಣ ದಂಪತಿಗಳಿದ್ದರು. ಆಯ್ದಕ್ಕಿ ಮಾರಯ್ಯ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದನು. ಒಂದು ದಿನ ಅವನು ಬೇಕಾದುದಕ್ಕಿಂತ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ ಒಪ್ಪಲಿಲ್ಲ. ಮಿಕ್ಕದ್ದನ್ನು ತಂದಲ್ಲಿಗೇ ಸುರಿದು ಬರಲು ಕಳಿಸಿದಳೆಂದು ಶರಣರ ಕಥೆಗಳು ಹೇಳುತ್ತವೆ. ಆ ಅಕ್ಕಿ ಕಳವಿನದಲ್ಲ. ಯಾರೂ ಬೇಡವೆಂದಿರಲಿಲ್ಲ. ಆದರೂ ಅಗತ್ಯಕ್ಕೆ ಮೀರಿದ್ದು ತನ್ನದಲ್ಲವೆಂಬುದು ಲಕ್ಕಮ್ಮನ ಲೆಕ್ಕ. ಭತ್ಯೆಯ ಬಿಲ್ಲಿಗೆ ಸಹಿ ಹಾಕುವ ಮುನ್ನ ಒಂದು ಗಳಿಗೆ ನೆನೆಯಬೇಕಾದ ಹೆಸರು ಅವಳದು.

ಸಾಹೇಬರ ಸವಾರಿ

ಆದರೆ ಇತಿಹಾಸದಲ್ಲಿ ಲಕ್ಕಮ್ಮನಂಥವರು ಕಡಿಮೆ. ಹೆಚ್ಚಾಗಿ ಕಾಣುವುದು ಬಿಟ್ಟಿ. 'ವಿಷ್ಟಿ' ಎಂಬ ಸಂಸ್ಕೃತ ಪದ ಸವೆದು 'ಬಿಟ್ಟಿ'ಯಾಯಿತು. ಕೂಲಿ ಕೊಡದೆ ಮಾಡಿಸಿಕೊಳ್ಳುವ ದುಡಿಮೆ ಅದು. ಊರಿಗೆ ಸಾಹೇಬರ ಸವಾರಿ ಬಂತೆಂದರೆ ಸಾಮಾನು ಹೊರುವುದಕ್ಕೆ ಜನ, ಕುದುರೆಗೆ ಹುಲ್ಲು, ಒಲೆಗೆ ಕಟ್ಟಿಗೆ, ಅಡಿಗೆಗೆ ಹಾಲು ಕೋಳಿ, ಎಲ್ಲವೂ ಊರವರದೇ. ಆಜ್ಞೆ ಗೌಡನ ಬಾಯಿಂದ ಹೊರಡುವುದು; ಭಾರ ಬೀಳುವುದು ಮಾತ್ರ ಊರ ಕೊನೆಯ ಕೇರಿಯ ಹೆಗಲ ಮೇಲೆ. ನಿಜಾಮರ ಸಂಸ್ಥಾನದಲ್ಲಿ ಈ ಪದ್ಧತಿ ಆಳವಾಗಿ ಬೇರು ಬಿಟ್ಟಿತ್ತು. ಜನಚಳವಳಿಗಳು ಅದರ ವಿರುದ್ಧ ದನಿಯೆತ್ತಬೇಕಾಯಿತು.

ದಿವಾನ ಸಾಲಾರ್‌ಜಂಗ್ 1865ರಲ್ಲಿ ಜಿಲ್ಲಾಬಂದಿ ಮಾಡಿ, ಕಂದಾಯವನ್ನು ಗುತ್ತಿಗೆಗೆ ಕೊಡುವ ಹಳೆಯ ಕ್ರಮದ ಬದಲು ಸಂಬಳದ ತಾಲ್ಲೂಕುದಾರರನ್ನು ನೇಮಿಸಿದನು. ಅಧಿಕಾರಿಯ ಅನ್ನ ಬೊಕ್ಕಸದಿಂದ ಬರಬೇಕು, ರೈತನ ಕಣಜದಿಂದಲ್ಲ ಎಂಬ ತತ್ವ ಅಲ್ಲಿಗೆ ಕಾಗದದ ಮೇಲಾದರೂ ಬಂತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲು ಓಡಿತು. ಚಿತ್ತಾಪುರ, ಸೇಡಂಗಳು ಆ ಹಾದಿಗೆ ಬಿದ್ದವು. ರೈಲಿಗೆ ಟಿಕೇಟಿನ ದರ ಉಂಟು. ಇಷ್ಟೇ ಖರ್ಚೆಂದು ಯಾರು ಬೇಕಾದರೂ ಹೇಳಬಹುದು. ನಿಲ್ದಾಣದಿಂದ ಮುಂದೆ ಹಳ್ಳಿಗೆ ಹೋಗುವ ಬಂಡಿಯ ಹಾದಿಗೆ ಅಂಥ ದರವಿಲ್ಲ. ಹಳ್ಳಿಗನಿಗೆ ತೊಂದರೆಯಾಗುತ್ತಿದ್ದದ್ದು ಆ ಕಡೆಯ ನಾಲ್ಕಾರು ಮೈಲಿಗಳಲ್ಲಿ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಭತ್ಯೆಯೆಂದರೆ ಅಧಿಕಾರಿಗೆ ತೋರುವ ಔದಾರ್ಯವೆಂದು ನಾವು ಸಾಮಾನ್ಯವಾಗಿ ಎಣಿಸುತ್ತೇವೆ. ಅದು ಹಳ್ಳಿಗನಿಗೆ ಕೊಟ್ಟ ರಕ್ಷಣೆಯೂ ಹೌದು. ಅಧಿಕಾರಿಗೆ ದಾರಿಖರ್ಚು ಕೊಡುವುದು ಅವನು ಊರವರ ಹಾಲು ಕೋಳಿಗೆ ಕೈ ಹಾಕದಿರಲೆಂದು. ಭತ್ಯೆಯನ್ನೂ ಪಡೆದು ಬಿಟ್ಟಿ ಊಟವನ್ನೂ ಉಂಡವನು ಇಬ್ಬರಿಗೆ ದ್ರೋಹ ಮಾಡಿದ ಹಾಗೆ: ಕೊಟ್ಟ ಬೊಕ್ಕಸಕ್ಕೊಂದು, ಬಡಿಸಿದ ಮನೆಗೊಂದು. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನ ತನ್ನ 23ನೆಯ ಅನುಚ್ಛೇದದಲ್ಲಿ ಬಿಟ್ಟಿ ಬೇಗಾರಿಯನ್ನು ನಿಷೇಧಿಸಿತು.

ಇಮ್ಮಡಿ ಬಟ್ಟಾದ ದಂಗೆ

ಭತ್ಯೆ ಎಲ್ಲೆ ಮೀರಿದರೆ ಏನಾಗುತ್ತದೆಂಬುದಕ್ಕೆ ಬಂಗಾಳದಲ್ಲಿ ನಡೆದ ಒಂದು ಪ್ರಸಂಗ ಹೇಳಿ ಮಾಡಿಸಿದಂತಿದೆ. 1757ರಲ್ಲಿ ಪ್ಲಾಸಿ ಕದನವಾದ ಮೇಲೆ ನವಾಬ ಮೀರ್ ಜಾಫರ್ ಕುಂಪಣಿಯ ಸೈನ್ಯಾಧಿಕಾರಿಗಳಿಗೆ ಇಮ್ಮಡಿ ಬಟ್ಟಾ ಕೊಟ್ಟನು. ಕೊಡುವವನು ನವಾಬ, ಪಡೆಯುವವರು ಗೆದ್ದವರು, ಯಾರೂ ಬೇಡವೆನ್ನಲಿಲ್ಲ. ಮುಂದೆ ಆ ಖರ್ಚು ಕುಂಪಣಿಯ ತಲೆಗೇ ಬಂತು. ಯುದ್ಧವಿಲ್ಲದಿದ್ದರೂ, ದಂಡು ಬಿಡಾರದಲ್ಲೇ ಇದ್ದರೂ ಇಮ್ಮಡಿ ಬಟ್ಟಾ ನಡೆಯಿತು. ಎರಡನೆಯ ಬಾರಿ ಗವರ್ನರನಾಗಿ ಬಂದ ಕ್ಲೈವ್ 1766ರ ಜನವರಿಯಿಂದ ಅದನ್ನು ನಿಲ್ಲಿಸಿದನು. ಕೂಡಲೇ ಅಧಿಕಾರಿಗಳು ಒಳಸಂಚು ಮಾಡಿ, ಒಂದೇ ದಿನ ಎಲ್ಲರೂ ರಾಜೀನಾಮೆ ಕೊಡುವುದೆಂದು ನಿಶ್ಚಯಿಸಿದರು. ಮುಂಗೇರಿಗೆ ತಾನೇ ಹೋಗಿ ಕ್ಲೈವ್ ಆ ದಂಗೆಯನ್ನು ಅಡಗಿಸಬೇಕಾಯಿತು. ಸ್ವತಃ ನವಾಬನಿಂದ ಅಪಾರ ಹಣ ಪಡೆದ ಕ್ಲೈವನೇ ಇತರರಿಗೆ ಮಿತವ್ಯಯದ ಪಾಠ ಹೇಳಬೇಕಾಗಿ ಬಂದದ್ದು ಇತಿಹಾಸದ ವಿನೋದ. ಆದರೆ ಪಾಠ ಸುಳ್ಳಲ್ಲ. ಖರ್ಚಿಗೆಂದು ಕೊಟ್ಟದ್ದು ನಾಲ್ಕು ವರ್ಷ ನಡೆದರೆ ರೂಢಿಯಾಗುತ್ತದೆ, ಎಂಟು ವರ್ಷ ನಡೆದರೆ ಹಕ್ಕಾಗುತ್ತದೆ. ಆಮೇಲೆ ಕೇಳಿದವನೇ ದುಷ್ಟ.

ಅಧಿಕಾರಿಗಳನ್ನು ಸಂಬಳ ಕೊಟ್ಟು ಕಲಿಸುವ ಏರ್ಪಾಡೂ ಕುಂಪಣಿಯ ಕಾಲದಲ್ಲಿ ದೊಡ್ಡ ಪ್ರಮಾಣದಲ್ಲಿ ಆರಂಭವಾಯಿತು. 1800ರಲ್ಲಿ ವೆಲ್ಲೆಸ್ಲಿ ಕಲ್ಕತ್ತೆಯಲ್ಲಿ ಫೋರ್ಟ್ ವಿಲಿಯಂ ಕಾಲೇಜನ್ನು ತೆರೆದನು. ವಿಲಾಯತಿಯಿಂದ ಬಂದ ಎಳೆಯ ಅಧಿಕಾರಿಗಳು ಅಲ್ಲಿ ದೇಶಭಾಷೆಗಳನ್ನು ಕಲಿಯಬೇಕು. ಖರ್ಚು ಕಂಡು ಲಂಡನ್ನಿನ ನಿರ್ದೇಶಕರು ಬೆಚ್ಚಿದರು, ಮುಚ್ಚಿಬಿಡಿರೆಂದು ಬರೆದರು. ಕೊನೆಗೆ ಅದು ಚಿಕ್ಕದಾಗಿ ಭಾಷಾಶಾಲೆಯಂತೆ 1854ರವರೆಗೆ ಉಳಿಯಿತು. 1806ರಲ್ಲಿ ವಿಲಾಯತಿಯಲ್ಲೇ ಬೇರೊಂದು ಕಾಲೇಜು ತೆರೆದರು. 1812ರಲ್ಲಿ ಮದರಾಸಿನಲ್ಲಿ ಸೇಂಟ್ ಜಾರ್ಜ್ ಕೋಟೆಯ ಕಾಲೇಜು ಹುಟ್ಟಿತು. ಅಲ್ಲಿ ಕನ್ನಡವನ್ನೂ ಕಲಿಸುತ್ತಿದ್ದರು. ಆ ಕಾಲದ ಫಲಗಳು ನಮಗೂ ದಕ್ಕಿವೆ. ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಕಲಿಸುತ್ತಿದ್ದ ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿಯೂ, ಮದರಾಸಿನ ಮೆಕೆರೆಲ್ಲನ ಕನ್ನಡ ವ್ಯಾಕರಣ 1820ರಲ್ಲಿಯೂ ಹೊರಬಂದವು. ಇನ್ನೊಂದು ಕಡೆ, ಕಲಿಯುವುದಕ್ಕೆಂದು ಕಲ್ಕತ್ತೆಯಲ್ಲಿ ನಿಂತ ಹುಡುಗರು ಕುದುರೆ, ಔತಣ, ಆಳುಕಾಳೆಂದು ದುಂದು ಮಾಡಿ ಸಾಹುಕಾರರ ಸಾಲಕ್ಕೆ ಸಿಕ್ಕಿಕೊಂಡದ್ದೂ ಉಂಟು. ಸಾಲಗಾರನಾದ ಅಧಿಕಾರಿ ಮುಂದೆ ಯಾರ ಮಾತು ಕೇಳಿಯಾನು? ತರಬೇತಿಯ ಕಾಲದ ಹಣದ ನಡತೆಯೂ ತರಬೇತಿಯ ಒಂದು ಭಾಗವೆಂಬುದು ಆಗಲೇ ಜನಕ್ಕೆ ಹೊಳೆದಿರಬೇಕು.

ಮೂರು ಸೂತ್ರಗಳು

ಈ ಅನುಭವಗಳೆಲ್ಲ ಬ್ರಿಟಿಷ್ ಇಂಡಿಯಾದಲ್ಲಿ ಗಟ್ಟಿ ನಿಯಮಗಳಾಗಿ ನಿಂತದ್ದು 1922ರ ಜನವರಿ 1ರಿಂದ ಜಾರಿಗೆ ಬಂದ ಮೂಲಭೂತ ನಿಯಮಗಳಲ್ಲಿ. ಅವುಗಳಲ್ಲಿ ನಮ್ಮ ವಿಷಯಕ್ಕೆ ಮೂರು ಸೂತ್ರಗಳಿವೆ. ಮೊದಲನೆಯದು 11ನೆಯ ನಿಯಮ: ನೌಕರನ ಪೂರ್ಣ ಕಾಲ ಸಂಬಳ ಕೊಡುವ ಸರ್ಕಾರಕ್ಕೆ ಸೇರಿದ್ದು. ಎರಡನೆಯದು 9ನೆಯ ನಿಯಮದ ಒಂದು ಭಾಗ: ಸರ್ಕಾರ ಒಪ್ಪಿ ಕಳಿಸಿದ ತರಬೇತಿಯ ಕಾಲವನ್ನು ಕರ್ತವ್ಯದ ಕಾಲವೆಂದೇ ಎಣಿಸಬಹುದು. ಮೂರನೆಯದು 44ನೆಯ ನಿಯಮ: ಖರ್ಚು ತುಂಬಿಕೊಡುವ ಭತ್ಯೆ ಒಟ್ಟಿನಲ್ಲಿ ಪಡೆದವನಿಗೆ ಲಾಭದ ಮೂಲವಾಗಬಾರದು.

ಈ ಮೂರನ್ನೂ ಸೇರಿಸಿ ಓದಿದರೆ ಉಳಿದದ್ದೆಲ್ಲ ತಾನಾಗಿ ತಿಳಿಯುತ್ತದೆ. ತರಬೇತಿ ಕರ್ತವ್ಯವಾದ್ದರಿಂದ ನೌಕರನು ರಜೆ ಹಾಕಬೇಕಿಲ್ಲ, ಸಂಬಳ ನಿಲ್ಲುವುದಿಲ್ಲ. ಆ ಕಾಲಕ್ಕೆ ಸಂಬಳ ಪಡೆದೇ ಇರುವುದರಿಂದ, ಕುಳಿತದ್ದಕ್ಕೆ ಬೇರೆಯವರಿಂದ ಇನ್ನೊಂದು ಕೂಲಿ ಪಡೆಯುವಂತಿಲ್ಲ. ಹೊರಗಿನಿಂದ ಸಂಭಾವನೆ ಬರುವುದಾದರೆ ಮೇಲಿನವರ ಅಪ್ಪಣೆ ಬೇಕು. ಭತ್ಯೆ ಲಾಭವಾಗಬಾರದಾದ್ದರಿಂದ, ಊಟ ವಸತಿ ಬಿಟ್ಟಿಯಾಗಿ ಸಿಕ್ಕ ಕಡೆ ದಿನಭತ್ಯೆ ಇಳಿಯಬೇಕು. ಕೇಂದ್ರ ಸರ್ಕಾರದ ನಿಯಮಗಳಲ್ಲಿ ಬಹುಕಾಲ ಅದಕ್ಕೊಂದು ಅಳತೆಯಿತ್ತು: ಊಟ ವಸತಿ ಎರಡೂ ದೊರೆತರೆ ದಿನಭತ್ಯೆಯ ಕಾಲು ಭಾಗ, ಊಟ ಮಾತ್ರವಾದರೆ ಅರ್ಧ, ವಸತಿ ಮಾತ್ರವಾದರೆ ಮುಕ್ಕಾಲು. ಕೌಟಿಲ್ಯನು ಭಕ್ತವನ್ನೂ ವೇತನವನ್ನೂ ಬಿಡಿಸಿದ್ದ ಹಾಗೆಯೇ ಇದು.

ಈ ನಿಯಮಗಳು ನಿಜಾಮರ ಸಂಸ್ಥಾನಕ್ಕೆ ನೇರವಾಗಿ ಅನ್ವಯಿಸಿರಲಿಲ್ಲ. 1948ರಲ್ಲಿ ಹೈದರಾಬಾದು ಭಾರತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ಕಲಬುರಗಿ ಸೀಮೆ ಕನ್ನಡನಾಡಿಗೆ ಸೇರಿತು. ಐದು ಆಡಳಿತಗಳ ನೌಕರರು, ಐದು ಬಗೆಯ ಪದ್ಧತಿಗಳು ಒಂದೇ ಚಪ್ಪರದಡಿ ಬಂದಾಗ 1958ರ ಮೈಸೂರು ನಾಗರಿಕ ಸೇವಾ ನಿಯಮಗಳು ಬಂದವು. ವಂಶಪಾರಂಪರ್ಯದ ಮಾಲಿ ಪಾಟೀಲ, ಪೊಲೀಸ್ ಪಾಟೀಲ, ಪಟವಾರಿಗಳ ಕಾಲ 1961ರ ಗ್ರಾಮಾಧಿಕಾರ ರದ್ದಿಯಾತಿ ಕಾನೂನಿನೊಂದಿಗೆ ಮುಗಿಯಿತು. ಅವರ ಕಸುಬು ಅಪ್ಪನಿಂದ ಮಗನಿಗೆ ಬರುತ್ತಿತ್ತು. ತರಬೇತಿ ಮನೆಯ ಜಗುಲಿಯಲ್ಲೇ. ಹೊಸ ಗ್ರಾಮಲೆಕ್ಕಿಗರನ್ನು, ಗ್ರಾಮಸೇವಕರನ್ನು ಕಳಿಸಿ ಕಲಿಸಬೇಕಾಯಿತು. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಮೊದಲಾದಾಗಿನಿಂದ ಹಳ್ಳಿಯ ಕೆಲಸಕ್ಕೆ ತರಬೇತಿಯೆಂಬುದು ದೇಶದ ಮಾತಾಯಿತು. 1958ರಲ್ಲಿ ಮಸ್ಸೂರಿಯಲ್ಲಿ ಆರಂಭವಾದ ಕೇಂದ್ರ ಸಂಸ್ಥೆ 1964ರಲ್ಲಿ ಹೈದರಾಬಾದಿಗೆ ಬಂತು.

ಕೂಲಿ ಕಳೆದುಕೊಂಡವಳ ಲೆಕ್ಕ

ಇಷ್ಟೆಲ್ಲ ನಿಯಮಗಳೂ ಸಂಬಳದವನನ್ನು ಕುರಿತವು. ಆರಂಭದಲ್ಲಿ ಹೇಳಿದ ಕೂಲಿಯ ಹೆಣ್ಣುಮಗಳ ಗತಿಯೇನು? ಅವಳಿಗೆ ನಡೆಯುವ ಸಂಬಳವಿಲ್ಲ. ತರಬೇತಿ ಕರ್ತವ್ಯವೆಂದರೂ ಕರ್ತವ್ಯಕ್ಕೆ ಕೂಲಿಯಿಲ್ಲ.

ಈ ಪ್ರಶ್ನೆಯೂ ಹಳೆಯದೇ. ಕ್ರಿಸ್ತಪೂರ್ವ ಐದನೆಯ ಶತಮಾನದ ಅಥೆನ್ಸಿನಲ್ಲಿ ಪೆರಿಕ್ಲೀಸನು ನ್ಯಾಯಸಭೆಯಲ್ಲಿ ಕೂರುವ ಪೌರರಿಗೆ ದಿನದ ಹಣ ಗೊತ್ತುಮಾಡಿದನು. ಹಾಗಲ್ಲದಿದ್ದರೆ ದುಡಿದು ತಿನ್ನುವವನು ಕಸುಬು ಬಿಟ್ಟು ಸಭೆಗೆ ಬರಲಾರನು. ಸಭೆ ಸಿರಿವಂತರ ಪಾಲಾಗುತ್ತದೆ. ಇಂಗ್ಲೆಂಡಿನಲ್ಲಿ 1948ರ ಸ್ಥಳೀಯ ಸರ್ಕಾರ ಕಾನೂನು ಪೌರಸಭೆಗಳ ಸದಸ್ಯರಿಗೆ ಪ್ರಯಾಣ, ಊಟಗಳ ಖರ್ಚಿನ ಜೊತೆಗೆ ಕಳೆದುಕೊಂಡ ಗಳಿಕೆಗೂ ಭತ್ಯೆಯನ್ನು ಏರ್ಪಡಿಸಿತು. ನಷ್ಟ ತುಂಬಿಕೊಡುವುದು ಬೇರೆ, ಲಾಭ ಮಾಡಿಕೊಡುವುದು ಬೇರೆ ಎಂಬ ವಿವೇಕ ಅದರಲ್ಲಿದೆ.

ನಮ್ಮಲ್ಲಿ ಈ ಪ್ರಶ್ನೆ ತೀವ್ರವಾದದ್ದು 1983ರ ಪಂಚಾಯತ್ ಕಾನೂನಿನ ನಂತರ. ಅದರ ಹಿಂದಿದ್ದ ಸಚಿವ ಅಬ್ದುಲ್ ನಜೀರ್‌ಸಾಬರು ಕೊಳವೆಬಾವಿಗಳಿಂದಾಗಿ ಜನರ ಬಾಯಲ್ಲಿ 'ನೀರ್‌ಸಾಬ್' ಆದವರು. ಆ ಕಾನೂನು ಸ್ತ್ರೀಯರಿಗೆ ನಾಲ್ಕರಲ್ಲೊಂದು ಸ್ಥಾನ ಮೀಸಲಿಟ್ಟಿತು. ಸಂವಿಧಾನದ 73ನೆಯ ತಿದ್ದುಪಡಿಯ ಬೆನ್ನಿಗೆ ಬಂದ 1993ರ ಕಾನೂನಿನಲ್ಲಿ ಅದು ಮೂರರಲ್ಲೊಂದಾಯಿತು. 2010ರ ತಿದ್ದುಪಡಿಯಿಂದ ಅರ್ಧವಾಯಿತು. ಓದು ಬಾರದವರು, ಹೊಲಗೆಲಸದವರು, ಊರ ಚಾವಡಿಯನ್ನು ಹೊರಗಿನಿಂದಷ್ಟೇ ಕಂಡಿದ್ದವರು ಒಳಗೆ ಬಂದು ಕುಳಿತರು. ಅವರೆಲ್ಲರನ್ನೂ ಮೈಸೂರಿಗೆ ಕರೆಸಿ ಕಲಿಸುವುದು ಆಗದ ಮಾತು. ಆದ್ದರಿಂದ ನಜೀರ್‌ಸಾಬರ ಹೆಸರು ಹೊತ್ತ ಮೈಸೂರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆ ಈ ಶತಮಾನದ ಆದಿಯಲ್ಲಿ ಉಪಗ್ರಹದ ಮೂಲಕ ಪಾಠ ಹೇಳತೊಡಗಿತು. ಪಾಠ ಮೈಸೂರಿನಲ್ಲಿ, ಕೇಳುವವರು ತಮ್ಮ ತಾಲ್ಲೂಕಿನಲ್ಲಿ, ಸಂದೇಹ ಬಂದರೆ ಅಲ್ಲಿಂದಲೇ ಪ್ರಶ್ನೆ. ರೇಡಿಯೋ ಕೇಳಿ ಬೆಳೆದ ನಮಗೆ ಇದರ ಬೆಲೆ ಬೇಗ ತಿಳಿಯುತ್ತದೆ. ಕಲಿಯುವವಳು ದೂರ ಹೋಗುವ ಬದಲು ಕಲಿಸುವ ದನಿಯೇ ಅವಳ ಹತ್ತಿರಕ್ಕೆ ಬಂದರೆ ದಾರಿಯೂ ಉಳಿಯಿತು, ಬಿಲ್ಲೂ ಚಿಕ್ಕದಾಯಿತು.

ಆದರೂ ಆ ದಿನದ ಕೂಲಿ ಉಳಿಯುವುದಿಲ್ಲ. ಅವಳ ಕೈಗೆ ಬರುವ ಭತ್ಯೆ ಆ ಕೂಲಿಗೆ ಸಾಲದಿದ್ದರೆ, ತರಬೇತಿಯ ಪುಸ್ತಕದಲ್ಲಿ ಅವಳ ಹೆಬ್ಬೆಟ್ಟು ಬಿದ್ದು ಅವಳು ಮಾತ್ರ ಹೊಲದಲ್ಲಿರುತ್ತಾಳೆ. ಇಲ್ಲವೆ ಅವಳ ಬದಲು ಗಂಡ ಬಂದು ಕುರ್ಚಿಯಲ್ಲಿ ಕುಳಿತಿರುತ್ತಾನೆ. ಎರಡೂ ಸುಳ್ಳು ಲೆಕ್ಕಗಳೇ. ದುಂದು ಮಾತ್ರವೇ ಭ್ರಷ್ಟತೆಗೆ ಬಾಗಿಲಲ್ಲ. ಜಿಪುಣತನವೂ ಒಮ್ಮೊಮ್ಮೆ ಬಾಗಿಲಾಗುತ್ತದೆ.

'ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ' ಎಂಬ ಗಾದೆ ನಮ್ಮಲ್ಲಿದೆ. ಹಾಗೆ ಬಿಟ್ಟಿಯಾಗಿ ಬಂದಂತೆ ಕಾಣುವುದಕ್ಕೆ ಯಾರೋ ಒಬ್ಬರು ಬೆಲೆ ತೆತ್ತೇ ಇರುತ್ತಾರೆ. ಹಳೆಯ ಕಾಲದಲ್ಲಿ ಸಾಮಾನು ಹೊತ್ತ ಹೆಗಲು, ಈ ಕಾಲದಲ್ಲಿ ತೆರಿಗೆ ಕೊಟ್ಟ ಕೈ. ಅವರಿಗೆ ಕೇಳುವ ಅಧಿಕಾರ ಈಗ ಇದೆ. ಕರ್ನಾಟಕವು 2000ದಲ್ಲಿ ತನ್ನದೇ ಮಾಹಿತಿ ಹಕ್ಕಿನ ಕಾನೂನು ಮಾಡಿತು. 2005ರಲ್ಲಿ ಇಡೀ ದೇಶಕ್ಕೆ ಅಂಥದು ಬಂತು. ಯಾರು ಯಾವ ತರಬೇತಿಗೆ ಹೋದರು, ಎಷ್ಟು ಪಡೆದರು ಎಂದು ಊರಿನವರು ಬರೆದು ಕೇಳಬಹುದು. ಗ್ರಾಮಸಭೆಯಲ್ಲಿ ಎದ್ದು ನಿಂತೂ ಕೇಳಬಹುದು. ನಾಗಾವಿಯ ದತ್ತಿಯ ಲೆಕ್ಕ ಗುಡಿಯ ಮುಂದೆ ನಿಂತಿದ್ದಂತೆ, ತರಬೇತಿಯ ಲೆಕ್ಕವೂ ಪಂಚಾಯಿತಿಯ ಗೋಡೆಯ ಮೇಲೆ ಒಂದು ಹಾಳೆಯಾಗಿ ನಿಂತರೆ ಕೇಳುವ ಶ್ರಮವೂ ತಪ್ಪುತ್ತದೆ. ಆ ಹಾಳೆಯಲ್ಲಿ ಕೂಲಿಯ ಹೆಣ್ಣುಮಗಳ ಹೆಸರಿನ ಮುಂದೆ ಅವಳ ದಿನದ ದುಡಿಮೆಗೆ ಸರಿಯಾದ ಮೊತ್ತವೂ, ಸಂಬಳದವನ ಹೆಸರಿನ ಮುಂದೆ ಅವನು ನಿಜವಾಗಿ ಕೈಯಿಂದ ಹಾಕಿದ ಖರ್ಚು ಮಾತ್ರವೂ ಇದ್ದರೆ ಸಾಕು. ನಿಯಮಗಳ ದಪ್ಪ ಪುಸ್ತಕ ಬಯಸುವುದೂ ಅಷ್ಟನ್ನೇ.